ಬಿಳಿ ಟೋಪಿಯ ಪ್ರೇಮಕಥೆಗಳು: ಆಮಿಶ್ ಕಾದಂಬರಿಗಳನ್ನು ಓದುಗರು ಬಿಡಲಾರದ್ದು ಯಾಕೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಕೌಂಟಿ ಅಂತ ಒಂದು ಸೀಮೆ ಇದೆ. ಅಲ್ಲಿ ಯಾರದಾದರೂ ಹಿತ್ತಲಲ್ಲಿ ಸೆಲರಿ ಸೊಪ್ಪಿನ ಸಾಲುಗಳು ಎಂದಿಗಿಂತ ಜಾಸ್ತಿ ಕಂಡರೆ, ಈ ಮನೆಯ ಮಗಳಿಗೆ ಮದುವೆ ಗೊತ್ತಾಗಿದೆ ಎಂದು ಅಕ್ಕಪಕ್ಕದವರು ಅಂದುಕೊಳ್ಳುತ್ತಾರೆ. ಆಮಿಶರ ಮದುವೆ ಊಟಕ್ಕೆ ಸೆಲರಿ ಬೇಕೇ ಬೇಕು. ಅಡುಗೆಗೂ ಬೇಕು, ಹಸಿ ದಂಟುಗಳನ್ನು ಗಾಜಿನ ಪಾತ್ರೆಗಳಲ್ಲಿ ನಿಲ್ಲಿಸಿ ಮೇಜಿನ ಮೇಲೆ ಇಡುವುದಕ್ಕೂ ಬೇಕು. ಮದುವೆಗಳು ನಡೆಯುವುದು ಹೆಚ್ಚಾಗಿ ಕೊಯ್ಲು ಮುಗಿದ ಮೇಲೆ, ನವೆಂಬರ್ ಸುಮಾರಿಗೆ, ಮಂಗಳವಾರ ಇಲ್ಲವೇ ಗುರುವಾರ. ಕೆಲವೇ ವಾರ ಮೊದಲು ಭಾನುವಾರದ ಸಭೆಯಲ್ಲಿ ಪ್ರಕಟಿಸುವವರೆಗೆ ಎಲ್ಲವೂ ಗುಟ್ಟು. ಸೆಲರಿಯನ್ನು ಮಾತ್ರ ಬಚ್ಚಿಡಲು ಆಗುವುದಿಲ್ಲ.

ಲ್ಯಾಂಕಾಸ್ಟರ್‌ಗೆ ಯಾವತ್ತೂ ಹೋಗದ ಸಾವಿರಾರು ಹೆಂಗಸರಿಗೆ ಈ ಸೆಲರಿ ವಿಷಯ ಗೊತ್ತು. ಅವರು ಆಮಿಶ್ ಕಾದಂಬರಿಗಳ ಓದುಗರು. ಮುಖಪುಟದಲ್ಲಿ ಬಿಳಿ ಟೋಪಿ ಹಾಕಿದ ಹುಡುಗಿ, ಹಿಂದೆ ಹಸಿರು ಹೊಲ, ದೂರದಲ್ಲಿ ಕುದುರೆ ಗಾಡಿ. ಇಂಥ ಪುಸ್ತಕಗಳನ್ನು ಒಂದಾದ ಮೇಲೆ ಒಂದರಂತೆ ಓದುತ್ತಾರೆ. ಸರಣಿಯ ಮುಂದಿನ ಪುಸ್ತಕಕ್ಕೆ ಕಾಯುತ್ತಾರೆ. ಓದಿದ್ದನ್ನು ಅಮ್ಮನಿಗೋ ಮಗಳಿಗೋ ಚರ್ಚಿನ ಗೆಳತಿಗೋ ಕೊಡುತ್ತಾರೆ. ಇಷ್ಟು ಪ್ರೀತಿ ಯಾಕೆ ಎನ್ನುವುದು ನನ್ನನ್ನು ತುಂಬ ದಿನದಿಂದ ಕಾಡಿದ ಪ್ರಶ್ನೆ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಈ ಹೆಸರು ಕೇಳಿದರೆ ನಮ್ಮಲ್ಲಿ ಶಿವನ ಕಥೆ ಬರೆದ ಅಮೀಶ್ ತ್ರಿಪಾಠಿ ನೆನಪಾಗುತ್ತಾರೆ. ಇವರು ಬೇರೆ. ಆಮಿಶರು ಒಂದು ಕ್ರೈಸ್ತ ಪಂಗಡ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಆಲ್ಸೇಸ್ ಕಡೆ ಯಾಕೋಬ್ ಅಮ್ಮಾನ್ ಎಂಬ ಹಿರಿಯನ ಜೊತೆ ತಮ್ಮ ಮೂಲ ಗುಂಪಿನಿಂದ ಬೇರೆಯಾದವರು. ಒಡೆಯಲು ದೊಡ್ಡ ಕಾರಣ ಬಹಿಷ್ಕಾರದ ಪ್ರಶ್ನೆ. ಸಭೆಯಿಂದ, ಅಂದರೆ ಚರ್ಚಿನ ಬಳಗದಿಂದ, ಹೊರಹಾಕಿದವರ ಜೊತೆ ಊಟಕ್ಕೂ ಕೂರಬಾರದು ಎಂದು ಅಮ್ಮಾನ್ ಪಟ್ಟು ಹಿಡಿದ. ಉಳಿದವರು ಅಷ್ಟು ಬೇಡ ಎಂದರು. 18ನೇ ಶತಮಾನದಲ್ಲಿ ಅವನ ಕಡೆಯವರು ಅಮೆರಿಕಕ್ಕೆ ಹಡಗು ಹತ್ತಿದರು. ಈಗ ಅಲ್ಲಿ ಸುಮಾರು 4 ಲಕ್ಷ ಜನ ಇದ್ದಾರೆ. ಹೆಚ್ಚಿನವರು ಪೆನ್ಸಿಲ್ವೇನಿಯಾ, ಓಹಿಯೋ, ಇಂಡಿಯಾನಾ ರಾಜ್ಯಗಳಲ್ಲಿ. ಮನೆಯಲ್ಲಿ ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಆಡುನುಡಿ, ಹೊರಗಿನವರ ಜೊತೆ ಇಂಗ್ಲಿಷ್. ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕರೆಂಟ್ ಲೈನ್ ಎಳೆಸುವುದಿಲ್ಲ, ಮಕ್ಕಳನ್ನು ಎಂಟನೇ ತರಗತಿಯ ಮೇಲೆ ಓದಿಸುವುದಿಲ್ಲ. ಈ ಕೊನೆಯದಕ್ಕೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿತು.

ಇವರ ಬಗ್ಗೆ ಕಥೆ ಬರೆಯುವುದು ಹೊಸದೇನಲ್ಲ. 1940ರಲ್ಲಿ ಜೋಸೆಫ್ ಯೋಡರ್ ಎಂಬವರು 'ರೊಸಾನ್ನಾ ಆಫ್ ದಿ ಆಮಿಶ್' ಬರೆದರು. ಹೊರಗಿನ ಲೇಖಕರು ಆಮಿಶರನ್ನು ಒರಟರಂತೆ ಚಿತ್ರಿಸಿದ್ದು ಅವರಿಗೆ ನೋವು ತಂದಿತ್ತು. ಅದಕ್ಕೆ ಉತ್ತರವಾಗಿ ತಮ್ಮ ತಾಯಿಯ ಬದುಕನ್ನೇ ಕಥೆ ಮಾಡಿದರು. ಆದರೆ ಈಗ ನಾವು ಆಮಿಶ್ ಕಾದಂಬರಿ ಅನ್ನುವ ಸುಗ್ಗಿ ಶುರುವಾದದ್ದು 1997ರಲ್ಲಿ, ಬೆವರ್ಲಿ ಲೂಯಿಸ್ ಅವರ 'ದಿ ಶನ್ನಿಂಗ್' ಬಂದಾಗ. ಹೆಸರಿನ ಅರ್ಥವೇ ಬಹಿಷ್ಕಾರ. ಅದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆಮೇಲೆ ವಾಂಡಾ ಬ್ರನ್‌ಸ್ಟೆಟರ್, ಸಿಂಡಿ ವುಡ್ಸ್‌ಮಾಲ್ ಮುಂತಾದವರು ಬಂದರು. 2012ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು ನಾಲ್ಕು ದಿನಕ್ಕೊಂದು ಹೊಸ ಆಮಿಶ್ ಪ್ರೇಮಕಾದಂಬರಿ ಹೊರಬರುತ್ತಿತ್ತು. ಬರೆಯುವವರಲ್ಲಿ ಹೆಚ್ಚಿನವರು ಆಮಿಶರಲ್ಲ. ಪ್ರಕಟಿಸುವವರು ಹೆಚ್ಚಾಗಿ ಇವ್ಯಾಂಜೆಲಿಕಲ್ ಎಂಬ ಪ್ರಾಟೆಸ್ಟೆಂಟ್ ಪಂಥದ ಕ್ರೈಸ್ತ ಪ್ರಕಾಶಕರು. ಓದುವವರಲ್ಲೂ ಅದೇ ನಂಬಿಕೆಯ ಹೆಂಗಸರು ಜಾಸ್ತಿ. ಪುಸ್ತಕದಂಗಡಿಯೇ ಇಲ್ಲದ ಊರಿನವರಿಗೂ ವಾಲ್‌ಮಾರ್ಟ್‌ನಲ್ಲಿ ಸಾಬೂನು, ಬ್ರೆಡ್ಡಿನ ಜೊತೆ ಇವು ಸಿಗುತ್ತವೆ.

ಆ ಎರಡು ಪುಸ್ತಕಗಳ ನಡುವೆ ಒಂದು ಹೋಲಿಕೆ ನನಗೆ ಬಹಳ ಮುಖ್ಯ ಅನಿಸುತ್ತದೆ. ರೊಸಾನ್ನಾ ಐರಿಷ್ ಕ್ಯಾಥೊಲಿಕರ ಮಗು. ತಾಯಿ ಸತ್ತ ಮೇಲೆ ಆಮಿಶ್ ಹೆಂಗಸೊಬ್ಬಳು ಅವಳನ್ನು ಸಾಕುತ್ತಾಳೆ. 'ದಿ ಶನ್ನಿಂಗ್' ಕಥೆಯ ಕೇಟಿ ಲ್ಯಾಪ್ ಕೂಡ ಸಾಕುಮಗಳು. ಅಟ್ಟದ ಮೇಲೆ ನುಣುಪು ಸ್ಯಾಟಿನ್ ಬಟ್ಟೆಯ ಕೂಸಿನ ಅಂಗಿ ಸಿಕ್ಕಾಗ ತಾನು ಈ ಮನೆಯಲ್ಲಿ ಹುಟ್ಟಿದವಳಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಇಬ್ಬರೂ ಆಮಿಶ್ ಬಟ್ಟೆ ತೊಟ್ಟ ಹೊರಗಿನ ಹುಡುಗಿಯರು. ರೊಸಾನ್ನಾ ಒಳಗೇ ಉಳಿಯುತ್ತಾಳೆ. ಕೇಟಿ ಗಿಟಾರ್ ಬಿಡಲಾರದೆ, ಹೆಂಡತಿ ಸತ್ತ ಬಿಷಪ್ಪನನ್ನು ಮದುವೆಯಾಗಲಾರದೆ, ಮದುವೆ ದಿನವೇ ಎದ್ದು ಹೊರಡುತ್ತಾಳೆ. ಓದುಗರು ಆಮಿಶ್ ಮನೆಯೊಳಗೆ ಕಾಲಿಡುವುದು ಇಂಥ ಹುಡುಗಿಯ ಕೈ ಹಿಡಿದು. ಆಮಿಶ್ ತಂದೆತಾಯಿಗೇ ಹುಟ್ಟಿದ ನಾಯಕಿಯರೂ ಮನಸ್ಸಿನಲ್ಲಿ ಅರ್ಧ ಹೊರಗಿನವರೇ ಆಗಿರುತ್ತಾರೆ. ಅವರ ಪ್ರಶ್ನೆಗಳು ಓದುಗರ ಪ್ರಶ್ನೆಗಳು.

2013ರಲ್ಲಿ ಆಮಿಶರಿಗೆ ಹತ್ತಿರದ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಲೇಖಕಿ ವ್ಯಾಲೆರಿ ವೀವರ್-ಜರ್ಚರ್ ಈ ಕಾದಂಬರಿಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅವರು ಕೊಡುವ ಕಾರಣಗಳಲ್ಲಿ ಎರಡು ಮುಖ್ಯ. ಒಂದು, ಈಗಿನ ಬದುಕಿನ ವಿಪರೀತ ವೇಗ. ಇನ್ನೊಂದು, ಎಲ್ಲಿ ನೋಡಿದರೂ ಕಾಮವನ್ನೇ ಮುಂದಿಡುವ ಸಂಸ್ಕೃತಿ. ಆಮಿಶ್ ಕಥೆಯಲ್ಲಿ ಕುದುರೆಗಿಂತ ವೇಗವಾಗಿ ಏನೂ ಓಡುವುದಿಲ್ಲ. ಮುತ್ತಿಗಿಂತ ಮುಂದೆ ಪ್ರೇಮಿಗಳು ಹೋಗುವುದಿಲ್ಲ. ಮಗಳ ಕೈಗೆ ಧೈರ್ಯವಾಗಿ ಕೊಡಬಹುದಾದ ಪುಸ್ತಕ ಎನ್ನುವುದು ಅಲ್ಲಿನ ಓದುಗರಿಗೆ ದೊಡ್ಡ ಮಾತು. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಇಷ್ಟೇ ಆಗಿದ್ದರೆ ಮುತ್ತಿನ ಹತ್ತಿರ ನಿಲ್ಲುವ ಯಾವ ಹಳ್ಳಿ ಕಥೆಯಾದರೂ ಸಾಕಿತ್ತು, ಅಲ್ವಾ? ಬಿಳಿ ಟೋಪಿಯೇ ಯಾಕೆ ಬೇಕು?

ನನ್ನ ಉತ್ತರ ಹೀಗಿದೆ. ಪ್ರೇಮಕಥೆಗೆ ಒಂದು ತಡೆ ಬೇಕು. ಇಬ್ಬರು ಪ್ರೀತಿಸಿದರು, ಮದುವೆಯಾದರು ಅಂದರೆ ಅದರಲ್ಲಿ ಹೇಳುವುದೇನೂ ಇಲ್ಲ. ಮನೆತನ, ಮರ್ಯಾದೆ, ಕೊಟ್ಟ ಮಾತು, ಧರ್ಮ, ಇವು ಅಡ್ಡ ಬರಬೇಕು. ಅಡ್ಡ ಬಂದದ್ದು ನಿಜವಾದ ತೂಕದ್ದಾಗಿರಬೇಕು. ಇವತ್ತಿನ ಅಮೆರಿಕದಲ್ಲಿ ಇಪ್ಪತ್ತೈದು ವರ್ಷದ ಇಬ್ಬರ ನಡುವೆ ಅಂಥ ತಡೆಯನ್ನು ತರುವುದು ಬರಹಗಾರರಿಗೆ ಕಷ್ಟದ ಕೆಲಸ. ಹುಡುಗಿ ಮನೆ ಬಿಟ್ಟು ಬೇರೆ ಊರಿಗೆ ಹೋದರೆ ಅಮ್ಮ ಫೋನ್ ಮಾಡುತ್ತಾಳೆ, ಅಷ್ಟೇ. ಬೇರೆ ಚರ್ಚಿನವನನ್ನು ಮದುವೆಯಾದರೆ ಸ್ವಲ್ಪ ದಿನ ಮುನಿಸು. ಆಮಿಶರಲ್ಲಿ ಹಾಗಲ್ಲ.

ಅಲ್ಲಿ ಸಭೆಗೆ ಸೇರುವ ದೀಕ್ಷಾಸ್ನಾನ ಕೂಸಿಗೆ ಮಾಡಿಸುವುದಲ್ಲ. ಹದಿನೆಂಟರಿಂದ ಇಪ್ಪತ್ತೆರಡರ ಆಸುಪಾಸಿನಲ್ಲಿ ತಾನಾಗಿ ಒಪ್ಪಿ ತೆಗೆದುಕೊಳ್ಳುವುದು. ಅದಕ್ಕೆ ಮೊದಲಿನ ಕೆಲವು ವರ್ಷಗಳಿಗೆ ರಮ್‌ಸ್ಪ್ರಿಂಗಾ ಎನ್ನುತ್ತಾರೆ. ಹುಡುಗ ಹುಡುಗಿಯರು ತಮ್ಮ ಓರಗೆಯವರ ಜೊತೆ ಓಡಾಡುವ ಕಾಲ ಅದು. ಟೀವಿಯಲ್ಲಿ ತೋರಿಸುವಂತೆ ಕುಡಿತ, ಕುಣಿತ ಎಲ್ಲರದ್ದೂ ಅಲ್ಲ. ಹೆಚ್ಚಿನವರಿಗೆ ಭಾನುವಾರ ಸಂಜೆ ಒಟ್ಟಿಗೆ ಹಾಡುವುದು, ಆಮೇಲೆ ಗಾಡಿಯಲ್ಲಿ ಜೊತೆಯಾಗಿ ಮನೆಗೆ ಬರುವುದು, ಇಷ್ಟೇ. ದೀಕ್ಷಾಸ್ನಾನ ತೆಗೆದುಕೊಳ್ಳದೆ ಊರು ಬಿಟ್ಟರೆ ಮನೆಯವರು ಅಳುತ್ತಾರೆ. ಆದರೆ ಅದಕ್ಕೆ ಬಹಿಷ್ಕಾರ ಇಲ್ಲ. ತೆಗೆದುಕೊಂಡ ಮೇಲೆ ಬಿಟ್ಟರೆ ಇದೆ. ಆಗ ಸಭೆಯವರು ನಿನ್ನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುವುದಿಲ್ಲ. ನಿನ್ನ ಕಾರು ಹತ್ತುವುದಿಲ್ಲ. ನಿನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಮಾತಾಡಬಹುದು. ಮನೆಗೆ ಬಂದರೆ ಅಮ್ಮ ಊಟವನ್ನೂ ಬಡಿಸಬಹುದು, ಆದರೆ ಬೇರೆ ಮೇಜಿನಲ್ಲಿ. ಬಹಿಷ್ಕಾರ ಅಂದರೆ ಏನು ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬೇರೆ ಮೇಜಿನ ನೋವು ನಮಗೆ ಕೂಡಲೇ ತಟ್ಟುತ್ತದೆ.

ಹೀಗೆ ಒಂದು ದಿನ, ಒಂದು ಮಾತು, ಹುಡುಗಿಯ ಬದುಕನ್ನು ಎರಡು ಭಾಗ ಮಾಡುತ್ತದೆ. ಅವಳು ದೀಕ್ಷೆ ತೆಗೆದುಕೊಂಡಿದ್ದಾಳಾ, ಇಲ್ಲವಾ ಎಂದು ಅನುಭವ ಇರುವ ಓದುಗರು ಮೊದಲ ಕೆಲವು ಪುಟಗಳಲ್ಲೇ ಹುಡುಕುತ್ತಾರೆ. ಹೊರಗಿನ ಹುಡುಗನ ಮೇಲೆ ಮನಸ್ಸಾದರೆ ಅದರ ಬೆಲೆ ಎಷ್ಟು ಎನ್ನುವುದು ಅದರ ಮೇಲೆ ನಿಂತಿದೆ. ಪ್ರೀತಿಗೆ ಬೆಲೆ ತೆರಬೇಕಾದ ಲೋಕ ಇನ್ನೂ ಒಂದು ಕಡೆ ಉಳಿದಿದೆ, ಅದೂ ತಮ್ಮ ಮನೆಯಿಂದ ಕೆಲವು ಗಂಟೆಗಳ ದಾರಿಯಲ್ಲಿ. ಓದುಗರನ್ನು ಹಿಡಿದಿಡುವುದು ಇದೇ ಎಂದು ನನಗನಿಸುತ್ತದೆ. ಇನ್ನೂರು ವರ್ಷ ಹಿಂದಿನ ಕಥೆಯಾಗಿದ್ದರೆ ಹೀಗಿತ್ತಂತೆ ಎಂದು ಓದಿ ಮಡಚಿಡಬಹುದಿತ್ತು. ಇದು ಈ ವರ್ಷದ ಕಥೆ. ಹುಡುಗಿ ಮಾರ್ಕೆಟ್ಟಿನಲ್ಲಿ ಜಾಮ್ ಮಾರುತ್ತಿರುವಾಗ ಎದುರು ನಿಂತ ಗಿರಾಕಿಯ ಕೈಯಲ್ಲಿ ಮೊಬೈಲ್ ಇರುತ್ತದೆ.

ಇನ್ನೊಂದು ಸೆಳೆತ ಇದಕ್ಕಿಂತ ಸದ್ದಿಲ್ಲದ್ದು. ಈ ಕಾದಂಬರಿಗಳಲ್ಲಿ ಯಾರಿಗಾದರೂ ಕಷ್ಟ ಬಂದರೆ ಜನ ಬರುತ್ತಾರೆ. ಕೊಟ್ಟಿಗೆ ಸುಟ್ಟರೆ ನೂರಾರು ಗಂಡಸರು ಸೇರಿ ಹೊಸದು ಎಬ್ಬಿಸುತ್ತಾರೆ. ಬಾಣಂತಿಯ ಮನೆಗೆ ನೆಂಟರ ಹುಡುಗಿ ಬಂದು ವಾರಗಟ್ಟಲೆ ಇರುತ್ತಾಳೆ. ವಯಸ್ಸಾದ ಅಜ್ಜ ಅಜ್ಜಿ ಅದೇ ಮನೆಗೆ ಹೊಂದಿಸಿ ಕಟ್ಟಿದ ಚಿಕ್ಕ ಮನೆಯಲ್ಲಿ ಇರುತ್ತಾರೆ. ಇದು ಬರೀ ಕಥೆಯಲ್ಲ. ಹೆಚ್ಚಿನ ಆಮಿಶರು ವಿಮೆ ಕಂಪನಿಗಳ ಆರೋಗ್ಯ ವಿಮೆ ಕೊಳ್ಳುವುದಿಲ್ಲ. ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ಯೋಜನೆಯಿಂದಲೂ ಸ್ವಂತ ಕೆಲಸ ಮಾಡುವ ಆಮಿಶರಿಗೆ 1965ರಿಂದ ವಿನಾಯಿತಿ ಇದೆ. ಯಾರಿಗಾದರೂ ಆಸ್ಪತ್ರೆಯ ದೊಡ್ಡ ಬಿಲ್ ಬಂದರೆ ಸಭೆಯವರು ಹಣ ಹಾಕುತ್ತಾರೆ, ಹರಾಜು ನಡೆಸಿ ಕೂಡಿಸುತ್ತಾರೆ. ಒಂದು ಸಭೆ ಅಂದರೆ ಸುಮಾರು 25ರಿಂದ 40 ಕುಟುಂಬ. ಚರ್ಚ್ ಕಟ್ಟಡ ಇಲ್ಲ. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳು ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ಯಾರು ಬಂದಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಈಗ ಇವನ್ನು ಓದುವವಳ ಕಡೆ ನೋಡಿ. ಮಕ್ಕಳು ಬೇರೆ ರಾಜ್ಯದಲ್ಲಿದ್ದಾರೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಒಂದು ಆಪರೇಷನ್ ಆದರೆ ಸಾಲ. ಅಂಥವಳಿಗೆ ಈ ಪುಸ್ತಕ ಕುದುರೆ ಗಾಡಿಯ ಆಸೆ ಹುಟ್ಟಿಸುತ್ತದೆ ಎಂದು ನಾನು ನಂಬುವುದಿಲ್ಲ. ಬಟ್ಟೆ ಒಗೆಯುವ ಮೆಷಿನ್ ಬಿಟ್ಟು ಕೈಯಲ್ಲಿ ಒಗೆಯುವ ಆಸೆ ಯಾರಿಗೂ ಇಲ್ಲ. ತಾನು ಒಂದು ಭಾನುವಾರ ಬರದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟಲಿ ಎನ್ನುವ ಆಸೆ ಇದೆ. ಇಂಥ ಪುಸ್ತಕ ಓದುವವರ ಬಗ್ಗೆ ಹಗುರವಾಗಿ ಮಾತಾಡುವವರು ಬಹಳ. ಅದು ನನಗೆ ಸರಿ ಅನಿಸುವುದಿಲ್ಲ. ಅವರ ಆಸೆ ಸಣ್ಣದಲ್ಲ.

ಹಾಗಂತ ಪುಸ್ತಕದಲ್ಲಿ ಇರುವುದು ಆಮಿಶರ ಬದುಕೇ ಎಂದುಕೊಂಡರೆ ತಪ್ಪಾಗುತ್ತದೆ. ನಂಬಿಕೆಯ ವಿಷಯವನ್ನೇ ನೋಡಿ. ತನಗೆ ಪಾಪದಿಂದ ರಕ್ಷಣೆ ಸಿಕ್ಕಿದೆ ಎಂದು ಇವ್ಯಾಂಜೆಲಿಕಲ್ ಕ್ರೈಸ್ತಳೊಬ್ಬಳು ಧೈರ್ಯವಾಗಿ ಹೇಳುತ್ತಾಳೆ. ಯೇಸುವಿನ ಜೊತೆ ತನ್ನದೇ ಸಂಬಂಧ ಅವಳಿಗೆ ಮುಖ್ಯ. ಹಳೆಯ ಪದ್ಧತಿಯ ಆಮಿಶರ ಕಿವಿಗೆ ಆ ಮಾತು ಅಹಂಕಾರದಂತೆ ಕೇಳಿಸುತ್ತದೆ. ದೇವರು ತೀರ್ಮಾನಿಸಬೇಕಾದ್ದನ್ನು ನಾನೇ ಹೇಳಿಬಿಟ್ಟರೆ ಹೇಗೆ, ನನಗೆ ಇರುವುದು ಭರವಸೆ ಮಾತ್ರ ಎನ್ನುತ್ತಾರೆ ಅವರು. ತನ್ನನ್ನು ತಗ್ಗಿಸಿಕೊಂಡು ಸಭೆಗೂ ದೇವರಿಗೂ ಒಪ್ಪಿಸಿಕೊಳ್ಳುವ ಆ ಗುಣಕ್ಕೆ ವಿದ್ವಾಂಸರು ಗೆಲಾಸೆನ್‌ಹೈಟ್ ಎಂಬ ಜರ್ಮನ್ ಪದ ಬಳಸುತ್ತಾರೆ. ಕಾದಂಬರಿಯ ನಾಯಕಿ ಮಾತ್ರ ಎಷ್ಟೋ ಸಲ ರಾತ್ರಿ ಒಬ್ಬಳೇ ಕೂತು ಬೈಬಲ್ ಓದಿ, ತನ್ನ ಮನಸ್ಸಿಗೆ ತಾನೇ ಉತ್ತರ ಕಂಡುಕೊಳ್ಳುತ್ತಾಳೆ. ಅದು ಓದುವವಳ ಪ್ರಾರ್ಥನೆ. ತೊಟ್ಟ ಬಟ್ಟೆ ಆಮಿಶರದು, ಒಳಗಿನ ದನಿ ಪುಸ್ತಕ ಕೊಂಡವಳದು. ಸಭೆಯ ಆಸರೆಯೂ ಬೇಕು, ತನ್ನ ತೀರ್ಮಾನ ತನ್ನದೇ ಆಗಿರಬೇಕು. ನಿಜವಾದ ಆಮಿಶ್ ಹೆಣ್ಣಿಗೆ ಈ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಕಾದಂಬರಿ ಎರಡನ್ನೂ ಕೊಡುತ್ತದೆ.

ಕೆಲಸದ ವಿಷಯವೂ ಹಾಗೆಯೇ. ಕಥೆಯಲ್ಲಿ ಅಪ್ಪ ಬಹುತೇಕ ರೈತ. ಆದರೆ ಭೂಮಿಯ ಬೆಲೆ ಏರಿ, ಜನಸಂಖ್ಯೆ ಬೆಳೆದು, ದೊಡ್ಡ ನೆಲೆಗಳಲ್ಲಿ ಈಗ ಹೆಚ್ಚಿನವರಿಗೆ ಬೇಸಾಯ ಇಲ್ಲ. ಮರಗೆಲಸ, ಕಟ್ಟಡ ಕೆಲಸ, ಸಣ್ಣ ವ್ಯಾಪಾರದಲ್ಲಿದ್ದಾರೆ. ಇಂಡಿಯಾನಾದ ಉತ್ತರ ಭಾಗದಲ್ಲಿ ಸಾವಿರಾರು ಆಮಿಶ್ ಗಂಡಸರು ಪ್ರವಾಸದ ಮನೆ-ಗಾಡಿಗಳನ್ನು ಕಟ್ಟುವ ಕಾರ್ಖಾನೆಗಳಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ತಾವು ಓಡಿಸದ ವಾಹನವನ್ನು ಬೇರೆಯವರಿಗೆ ಕಟ್ಟಿಕೊಡುವ ಆ ಗಂಡಸಿನ ದಿನ ಹೇಗಿರುತ್ತದೆ? ನನಗೆ ಆ ಕಥೆ ಓದಲು ಇಷ್ಟ. ಅಂಥದ್ದು ಬರುವುದು ಬಹಳ ಕಡಿಮೆ.

ಕ್ಷಮೆಯ ವಿಷಯ ಹೇಳದೆ ಇದು ಮುಗಿಯುವುದಿಲ್ಲ. 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್‌ನಲ್ಲಿ, ಒಂದೇ ಕೋಣೆಯ ಆಮಿಶ್ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹೊಡೆದ. ಐದು ಮಕ್ಕಳು ತೀರಿಕೊಂಡರು. ಅವನೂ ಗುಂಡು ಹೊಡೆದುಕೊಂಡು ಸತ್ತ. ಅದೇ ದಿನ ಆಮಿಶರು ಅವನ ಹೆಂಡತಿಯ ಮನೆಯವರನ್ನು ಕಂಡು, ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ ಎಂದರು. ಅವನ ಮಣ್ಣಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಮಿಶರು. ಕೆಲವರು ತಮ್ಮ ಮಗಳನ್ನು ಆಗಷ್ಟೇ ಮಣ್ಣು ಮಾಡಿ ಬಂದವರು. ಇಡೀ ಅಮೆರಿಕ ಇದನ್ನು ನೋಡಿ ಮೂಕವಾಯಿತು. ಆಮಿಶ್ ಕಾದಂಬರಿಗಳು ಹುಲುಸಾಗಿ ಬೆಳೆದದ್ದು ಅದರ ನಂತರದ ವರ್ಷಗಳಲ್ಲಿ. ಅದೊಂದೇ ಕಾರಣ ಎನ್ನಲಾರೆ. ಆದರೆ ಇವರು ಹೇಗೆ ಕ್ಷಮಿಸುತ್ತಾರೆ ಎಂಬ ಪ್ರಶ್ನೆ ಆಗ ಲಕ್ಷಾಂತರ ಜನರ ಮನಸ್ಸಿನಲ್ಲಿತ್ತು. ಕಾದಂಬರಿಗಳು ಆ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿಕೊಂಡವು.

ಇದೇ ಕ್ಷಮೆಗೆ ಇನ್ನೊಂದು ಮುಖ ಇದೆ. ಸಭೆಯ ಗಂಡಸೊಬ್ಬ ಮನೆಯ ಹೆಣ್ಣುಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂದುಕೊಳ್ಳಿ. ಅವನು ಸಭೆಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡು, ಕೆಲವು ವಾರ ಹೊರಗಿದ್ದು ಮತ್ತೆ ಒಳಗೆ ಬಂದರೆ, ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಎತ್ತಿದರೆ ಕ್ಷಮಿಸಲಿಲ್ಲ ಎಂಬ ತಪ್ಪು ಆ ಹುಡುಗಿಯ ಮೇಲೆಯೇ ಬರುತ್ತದೆ. ಹೊರಬಂದ ಹಲವು ಹೆಂಗಸರು ಇತ್ತೀಚಿನ ವರ್ಷಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದಾರೆ. ಪೊಲೀಸರವರೆಗೆ ಹೋಗದಂತೆ ತಡೆದರು ಎಂದೂ ಹೇಳಿದ್ದಾರೆ. ಎಲ್ಲ ಆಮಿಶ್ ಸಭೆಗಳೂ ಹೀಗೆ ಎನ್ನುವುದು ಅನ್ಯಾಯ. ಒಂದೊಂದು ಸಭೆಯ ನಡೆ ಒಂದೊಂದು ಥರ. ಆದರೆ ಕ್ಷಮೆಯನ್ನು ಇಷ್ಟು ಎತ್ತರಕ್ಕೆ ಏರಿಸುವ ಕಾದಂಬರಿಗಳು ಈ ಹುಡುಗಿಯನ್ನೂ ನೋಡಬೇಕು. ಅವಳಿಗೂ ಒಂದು ಪುಸ್ತಕ ಸಲ್ಲಬೇಕು. ಇಲ್ಲದಿದ್ದರೆ ಓದುಗರ ಸಮಾಧಾನಕ್ಕೆ ಅವಳು ಬೆಲೆ ತೆತ್ತಂತೆ ಆಗುತ್ತದೆ. ಈ ಸಾಹಿತ್ಯದ ಬಗ್ಗೆ ನನಗಿರುವ ದೊಡ್ಡ ತಕರಾರು ಇದು. ಬಹಿಷ್ಕಾರದ ನೋವಿನಿಂದ ಶುರುವಾದ ಈ ಕಥೆಗಳು ಬರಬರುತ್ತಾ ಕೌದಿ, ಕಡುಬು, ಪುಸ್ತಕದ ಕೊನೆಯಲ್ಲಿ ಅಡುಗೆ ವಿಧಾನ, ಹೀಗೆ ಮೆತ್ತಗಾದವು.

ಆಮಿಶ್ ಹೆಂಗಸರು ಇವನ್ನು ಓದುತ್ತಾರಾ? ಕೆಲವರು ಓದುತ್ತಾರೆ. ಕೆಲವರಿಗೆ ಇಷ್ಟ, ಕೆಲವರಿಗೆ ಮುಜುಗರ, ತಪ್ಪು ಹುಡುಕುವುದು ಇನ್ನು ಕೆಲವರಿಗೆ ಖುಷಿ. ಮುಖಪುಟದ ಹುಡುಗಿಯ ಟೋಪಿ ನೋಡಿದರೇ ಅವರಿಗೆ ತಪ್ಪು ಕಾಣುತ್ತದೆ. ಲ್ಯಾಂಕಾಸ್ಟರ್ ಟೋಪಿಯ ಹಿಂಭಾಗ ಹೃದಯದ ಆಕಾರದ್ದು, ಇಂಡಿಯಾನಾದ್ದು ನೆರಿಗೆಯದು. ಫೋಟೋಕ್ಕೆ ಮುಖ ಕೊಡುವುದನ್ನೇ ಅವರು ಒಪ್ಪುವುದಿಲ್ಲ, ಇನ್ನು ಮೇಕಪ್ ಮಾಡಿದ ಮುಖದ ಮಾತೆಲ್ಲಿ. ಪೆನ್ಸಿಲ್ವೇನಿಯಾದ ಲಿಂಡಾ ಬೈಲರ್ ಅವರಂತೆ ಆಮಿಶ್ ಸಭೆಯೊಳಗೇ ಇದ್ದು ಕಾದಂಬರಿ ಬರೆಯುವವರು ಬೆರಳೆಣಿಕೆಯಷ್ಟು. ಅವರ ಪುಸ್ತಕಗಳಲ್ಲಿ ಸಾಲ ಇದೆ, ಮನೆಯೊಳಗಿನ ಜಗಳ ಇದೆ, ಹೆಂಡತಿಯ ಸಿಡುಕು ಇದೆ. ನಾಯಕಿ ಅಷ್ಟೇನೂ ಒಳ್ಳೆಯವಳಾಗಿರುವುದಿಲ್ಲ. ಈ ಲೋಕಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಅವರ ಹೆಸರನ್ನೇ.

ಆಮಿಶರು ತಮಗಾಗಿ ಬರೆದುಕೊಳ್ಳುವುದು ಇನ್ನೊಂದು ಕಡೆ ಇದೆ. ಓಹಿಯೋದ ಶುಗರ್‌ಕ್ರೀಕ್ ಊರಿನಿಂದ 1890ರಿಂದ 'ದಿ ಬಜೆಟ್' ಎಂಬ ವಾರಪತ್ರಿಕೆ ಬರುತ್ತಿದೆ. ಒಂದೊಂದು ನೆಲೆಯಿಂದ ಒಬ್ಬರು ಪತ್ರ ಬರೆದು ಕಳಿಸುತ್ತಾರೆ. ಮಳೆ ಎಷ್ಟು ಬಂತು, ಯಾರ ಮನೆಯಲ್ಲಿ ಪ್ರಾರ್ಥನೆ ನಡೆಯಿತು, ಯಾರಿಗೆ ಕೂಸು ಹುಟ್ಟಿತು, ಯಾರು ಏಣಿಯಿಂದ ಬಿದ್ದರು, ಅವರನ್ನು ನೋಡಲು ಯಾವ ಊರಿನಿಂದ ಯಾರು ಬಂದಿದ್ದರು. ಪ್ರೇಮವಿಲ್ಲ, ತಿರುವಿಲ್ಲ, ನಾಯಕಿ ಇಲ್ಲ. ಕಾದಂಬರಿ ಓದುವವಳು ಮುನ್ನೂರು ಪುಟ ದಾಟಿ ತಲುಪಲು ಬಯಸುವ ಜಾಗ ಅಲ್ಲಿ ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ: ಇಂಥವರ ಮನೆಗೆ ಇಂಥವರು ಊಟಕ್ಕೆ ಬಂದಿದ್ದರು, ಸಂಜೆಯವರೆಗೆ ಇದ್ದರು.